ಪಾಯದ ಗುಂಡಿಯಲ್ಲಿ ಸಿಕ್ಕ ಚಕ್ಕೆಗಳು

ಇತಿಹಾಸ ವಿಭಾಗದ ಕೊನೆಯ ಕೋಣೆಯಲ್ಲಿ ಶಿಲಾಯುಗದ ಪಾಠ ಮಾಡುತ್ತಿದ್ದ ತಾತ್ಕಾಲಿಕ ಉಪನ್ಯಾಸಕಿಗೆ ಹುಡುಗರು ಇಟ್ಟ ಹೆಸರು ಕಲ್ಲು ಮೇಡಂ. ಹೆಸರಿನಲ್ಲಿ ತಪ್ಪೇನೂ ಇರಲಿಲ್ಲ. ಅವಳ ಕೈಚೀಲದಲ್ಲಿ ಊಟದ ಡಬ್ಬಿಗಿಂತ ಕಲ್ಲಿನ ಭಾರವೇ ಹೆಚ್ಚು. ಕೆಲಸ ವರ್ಷದಿಂದ ವರ್ಷಕ್ಕೆ. ರಜೆ ಬಂತೆಂದರೆ ಕೆಲಸ ಹೋಯಿತು. ತರಗತಿ ಶುರುವಾಗುವ ಹೊತ್ತಿಗೆ ಮತ್ತೆ ಅರ್ಜಿ, ಮತ್ತೆ ಸಂದರ್ಶನ, ಅದೇ ಕುರ್ಚಿಯಲ್ಲಿ ಕೂತು ಅದೇ ಮುಖಗಳಿಗೆ ತಾನು ಯಾರೆಂದು ಹೇಳಿಕೊಳ್ಳುವುದು. ತಲೆಯಲ್ಲಿ ನರೆ ಕಾಣಿಸಿಕೊಂಡಿತ್ತು. ಖಾಯಂ ಎಂಬ ಮಾತು ಮಾತ್ರ ಎಲ್ಲೂ ಕಾಣಿಸಿಕೊಂಡಿರಲಿಲ್ಲ.

ಇದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕ ಮನೆಯಲ್ಲೇ ಕೂತು ಬಟ್ಟೆ ಹೊಲಿಯುತ್ತಿದ್ದಳು. ಭಾವ ಬಸ್ಸು ಓಡಿಸಿ ನಿವೃತ್ತರಾದವರು, ಈಗ ಬಾಯಿ ಓಡಿಸುವುದಷ್ಟೇ ಕೆಲಸ.

“ಏನಮ್ಮಾ, ಈ ವರ್ಷನಾದ್ರೂ ನಿನ್ನನ್ನ ಪರ್ಮನೆಂಟ್ ಮಾಡ್ತಾರೋ, ಇಲ್ಲಾ ನೀನೂ ಶಿಲಾಯುಗಕ್ಕೆ ಸೇರೋವರೆಗೂ ಕಾಯ್ತಾರೋ?”

“ಆಗ ಗಾಜಿನ ಪೆಟ್ಟಿಗೇಲಿ ಇಡ್ತಾರೆ ಭಾವ. ಅದೂ ಪರ್ಮನೆಂಟೇ ಅಲ್ವಾ?”

ಅವಳ ಪಾಠ ಪುಸ್ತಕಕ್ಕೆ ನಿಲ್ಲುತ್ತಿರಲಿಲ್ಲ. ಕಟ್ಟಡದ ಹಿಂದಿನ ಮರದ ಕೆಳಗೆ ಗೋಣಿಚೀಲ ಹಾಸಿ, ಒಬ್ಬೊಬ್ಬರ ಕೈಗೂ ಒಡೆಯಲು ಒಂದು ಕಲ್ಲು, ಹೊಡೆಯಲು ಒಂದು ಕಲ್ಲು ಕೊಡುತ್ತಿದ್ದಳು. ಒಡೆಯುವ ಕಲ್ಲು ದೂರದ ಹೊಳೆಯಿಂದ ಅವಳೇ ಹೊತ್ತು ತಂದದ್ದು. ಸರಿಯಾದ ಕಡೆ ಪೆಟ್ಟು ಬಿದ್ದರೆ ತೆಳ್ಳಗಿನ ಚಕ್ಕೆ ಏಳುತ್ತದೆ, ಅಂಚು ಚಾಕುವಿನಷ್ಟು ಹರಿತ. ಹಿಂದಿನವರು ಚರ್ಮ ಸುಲಿದದ್ದು, ಗೆಡ್ಡೆ ಹೆರೆದದ್ದು ಇಂಥದ್ದರಲ್ಲೇ. ಬೆರಳು ಕೊಯ್ದುಕೊಳ್ಳದೆ ಯಾರೂ ಆ ಪಾಠ ಮುಗಿಸಿರಲಿಲ್ಲ.

ಉಳಿದ ಚಕ್ಕೆಗಳನ್ನು ಕಂಡಕಂಡಲ್ಲಿ ಎಸೆಯುವಂತಿಲ್ಲ. ಇಂದು ಒಡೆದದ್ದೂ ಒಂದೇ, ಸಾವಿರಾರು ವರ್ಷದ ಹಿಂದೆ ಒಡೆದದ್ದೂ ಒಂದೇ ಎನ್ನುವಂತೆ ಕಾಣುತ್ತದೆ. ಮುಂದೆ ಯಾರೋ ಅಗೆದವರು ಮೋಸಹೋಗುತ್ತಾರೆ. ಅದಕ್ಕೇ ಈ ಕಸುಬಿನವರು ಅಂಥ ಕಸ ಹೂಳುವಾಗ ಅಡಿಯಲ್ಲಿ ಈ ಕಾಲದ್ದೇನಾದರೂ ಹಾಕಿರುತ್ತಾರೆ. ಅವಳು ಕಾಂಪೌಂಡಿನ ಮೂಲೆಯಲ್ಲಿ ಗುಂಡಿ ತೋಡಿ, ತಳಕ್ಕೆ ಸೋಡಾ ಬಾಟಲಿಯ ಮುಚ್ಚಳ ಸುರಿದು, ಪಾಠ ಮುಗಿದು ಎಲ್ಲರೂ ಹೋದ ಮೇಲೆ ತಾನೊಬ್ಬಳೇ ಬುಟ್ಟಿ ಖಾಲಿಮಾಡಿ ಮಣ್ಣೆಳೆದು ಬರುತ್ತಿದ್ದಳು. ವರ್ಷಗಳು ಹೋದವು, ಮೇಲೆ ಹುಲ್ಲು ಬೆಳೆಯಿತು.

ಅದೇ ಮೂಲೆಯಲ್ಲಿ ಹೊಸ ಕಟ್ಟಡಕ್ಕೆ ಪಾಯ ತೆಗೆದರು.

ಒಂದು ಮಧ್ಯಾಹ್ನ ವಿಭಾಗದ ಮುಖ್ಯಸ್ಥರು ಓಡುನಡಿಗೆಯಲ್ಲಿ ಬಂದು ಕರವಸ್ತ್ರದ ಗಂಟನ್ನು ಅವಳ ಮೇಜಿನ ಮೇಲೆ ಬಿಚ್ಚಿದರು. ಅವರು ಹಳೆಯ ನಾಣ್ಯ ಓದಿದವರು. ರಾಜರಿಂದ ಈಚೆಗೆ ಏನು ಕೇಳಿದರೂ ಹೇಳುತ್ತಿದ್ದರು, ಕಲ್ಲಿನ ತಂಟೆಗೆ ಹೋದವರಲ್ಲ.

“ನೋಡಿ ಮೇಡಂ! ನಮ್ಮ ಕಾಲ ಕೆಳಗೇ ಇತ್ತು ಕಣ್ರೀ! ಪಾಯದ ಪಕ್ಕದ ಮಣ್ಣಲ್ಲಿ ಒತ್ತೊತ್ತಾಗಿ!”

ಮಣ್ಣು ಹಿಡಿದು ಕೆಂಪಾದ ಚಕ್ಕೆಯೊಂದನ್ನು ಕೈಗೆತ್ತಿಕೊಂಡಾಗ ಅವಳಿಗೂ ಒಂದು ಕ್ಷಣ ನಿಜವೆನ್ನಿಸಿತು. ಬೆರಳಿನಿಂದ ಮಣ್ಣು ಒರೆಸಿದಳು. ಮಾಸಲು ಹಸಿರು, ನಡುವೆ ಬಿಳಿ ಗೆರೆ. ಆ ಕಲ್ಲನ್ನು ಹೊಳೆಯಿಂದ ಹೊತ್ತ ಹೆಗಲು ಅವಳದೇ.

ಅವಳು ಬಾಯಿ ತೆರೆಯುವಷ್ಟರಲ್ಲಿ ಅವರು ಮುಂದಕ್ಕೆ ಹೋಗಿಬಿಟ್ಟಿದ್ದರು. “ಕುಲಪತಿಗಳಿಗೆ ಫೋನ್ ಮಾಡಿದೆ. ಕೆಲಸ ನಿಲ್ಸಿದಾರೆ. ನಾಳೆ ಅವರೇ ಬರ್ತಾರೆ. ಈ ಜಾಗ ನೋಡ್ಕೊಳ್ಳೋಕೆ ಒಂದು ಖಾಯಂ ಹುದ್ದೆ ಬೇಕು ಅಂದೆ, ಹೂಂ ಅಂದ್ರು. ನೀವಲ್ದೆ ಇನ್ಯಾರಿದಾರೆ? ಮನೇಲಿ ಸಿಹಿ ಮಾಡ್ಸಿ, ಹೋಗಿ.”

ಸಂಜೆ ಅವಳು ಪಾಯದ ಹತ್ತಿರ ಹೋದಳು. ಅವಳು ತೋಡಿದ್ದ ಗುಂಡಿಯ ತಳವನ್ನು ಅಗೆಯುವ ಯಂತ್ರ ಆಗಲೇ ಬಾಚಿತ್ತು. ಮುಚ್ಚಳಗಳು ಮಣ್ಣಿನ ಜೊತೆ ಲಾರಿ ಹತ್ತಿ ಯಾವುದೋ ರಸ್ತೆಯ ಹಳ್ಳ ತುಂಬಿದ್ದವು. ಮಣ್ಣಿನ ಗೋಡೆಯಲ್ಲಿ ಉಳಿದಿದ್ದದ್ದು ಬರೀ ಚಕ್ಕೆ.

ಯಂತ್ರದ ಚಾಲಕ ಚಹಾ ಕುಡಿಯುತ್ತ ಕೂತಿದ್ದ. “ಏನಮ್ಮಾ, ಇದರಲ್ಲಿ ಚಿನ್ನ ಗಿನ್ನ ಇದೆಯಾ?”

“ಇಲ್ಲಪ್ಪ. ಹಳೇ ಕಲ್ಲು ಅಂತಾರೆ.”

“ಅಲ್ಲಮ್ಮಾ, ಹೊಸ ಕಲ್ಲು ಅಂತ ಎಲ್ಲಾದ್ರೂ ಇರುತ್ತಾ?”

ಅವಳು ಹೊರಟಳು. ಮುಖ್ಯಸ್ಥರ ಬಾಗಿಲ ಮುಂದೆಯೇ ದಾರಿ. ಅವರು ಒಳಗೇ ಇದ್ದರು. ಅವಳು ನಿಲ್ಲದೆ ಮನೆಗೆ ಹೋದಳು.

ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದಳು. ಅಕ್ಕ ತಟ್ಟೆಯಿಂದ ತಲೆಯೆತ್ತಲಿಲ್ಲ. “ನೀನೇನು ಸುಳ್ಳು ಹೇಳಿದ್ಯಾ? ಅವರೇ ಕಂಡ್ರು, ಅವರೇ ಹೇಳಿದ್ರು. ಬಾಯಿ ಮುಚ್ಕೊಂಡು ತಿನ್ನು.”

ಭಾವ ನೀರು ಕುಡಿದು ಲೋಟ ಇಟ್ಟರು. “ಅದ್ಸರಿ, ಆ ಹುದ್ದೇಲಿ ಕೆಲಸ ಏನು?”

“ಅಲ್ಲೇ ಅಗೀಬೇಕು. ಯಾರು, ಯಾವಾಗ, ಯಾಕೆ ಒಡೆದ್ರು ಅಂತ ಬರೀಬೇಕು.”

“ಅಂದ್ರೆ, ನೀನೇ ಹಾಕಿದ್ದನ್ನ ನೀನೇ ತೆಗೆದು, ಯಾರಪ್ಪಾ ಹಾಕಿದ್ದು ಅಂತ ರಿಟೈರ್ ಆಗೋವರೆಗೂ ನೀನೇ ಹುಡುಕ್ತಾ ಇರ್ಬೇಕು!”

ಅಕ್ಕನಿಗೆ ಬೇಡವೆಂದರೂ ನಗು ಬಂತು. ಅವಳೂ ನಕ್ಕಳು. ಆಮೇಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಸುಮ್ಮನಿದ್ದರೆ ಸಾಕು ಎಂದು ಸಂಜೆಯಿಂದ ಅಂದುಕೊಂಡಿದ್ದಳು. ಸುಳ್ಳು ಬರೆಯಬೇಕಾಗುತ್ತದೆ ಎಂಬುದು ಭಾವ ಕೇಳುವವರೆಗೆ ತಲೆಗೆ ಬಂದಿರಲಿಲ್ಲ.

ಬೆಳಿಗ್ಗೆ ಮುಖ್ಯಸ್ಥರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಚಕ್ಕೆಗಳನ್ನು ತೊಳೆಸಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸುತ್ತಿದ್ದರು.

“ಸರ್, ಅವು ನಮ್ಮ ಕ್ಲಾಸಿನವು.”

“ಯಾವ ಕ್ಲಾಸು?”

“ಮರದ ಕೆಳಗೆ ಒಡೀತೀವಲ್ಲ, ಸದ್ದು ಅಂತ ಬೈತಿದ್ರಲ್ಲ ನೀವು. ಅದರ ಕಸ. ನಾನೇ ಹೂತಿದ್ದು.”

ಅವರ ಕೈ ನಿಂತಿತು. “ಏನಾದ್ರೂ ಗುರುತಿದೆಯಾ?”

“ಇತ್ತು. ಮಣ್ಣಿನ ಜೊತೆ ಹೋಯ್ತು.”

“ಅಂದ್ರೆ ನಿಮ್ಮ ಬಾಯಿಮಾತು ಬಿಟ್ರೆ ಏನೂ ಇಲ್ಲ.”

“ಇಲ್ಲ ಸರ್.”

“ನಿನ್ನೆ ಯಾಕೆ ಹೇಳ್ಲಿಲ್ಲ?”

“ಆಸೆ ಆಯ್ತು ಸರ್.”

ಅವರು ಕನ್ನಡಕ ತೆಗೆದು ಒರೆಸಿದರು. “ನನ್ನ ಮಾನ ಹರಾಜು ಹಾಕಿದ್ರಲ್ಲ ಮೇಡಂ,” ಎಂದರು. ಆಮೇಲೆ ಫೋನು ಎತ್ತಿ ಕುಲಪತಿಗಳಿಗೆ, ನಮ್ಮ ಮೇಡಂ ಪರೀಕ್ಷೆ ಮಾಡಿದ್ರು, ಹಳೇದಲ್ಲವಂತೆ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ ಎಂದರು. ಯಾರದೆಂದು ಹೇಳಲಿಲ್ಲ. ಫೋನು ಇಟ್ಟು ಕಿಟಕಿಯ ಕಡೆ ನೋಡುತ್ತ, “ಹುದ್ದೆ ಇಲ್ಲ. ತಿಳೀತಲ್ಲ?”

“ತಿಳೀತು ಸರ್.” ಬಾಗಿಲ ತನಕ ಹೋದವಳು ನಿಂತಳು. “ಮುಂದಿನ ವರ್ಷಕ್ಕೆ ಅರ್ಜಿ ಹಾಕಬಹುದಾ?”

“ಹಾಕ್ರೀ, ಯಾರು ಬೇಡ ಅಂದ್ರು?” ಎಂದು ರೇಗಿದರು.

ಮಧ್ಯಾಹ್ನದ ಹೊತ್ತಿಗೆ ಯಂತ್ರ ಮತ್ತೆ ಶುರುವಾಯಿತು. ಕೊನೆಯ ಕೋಣೆಯ ಕಿಟಕಿ ಅದುರುತ್ತಿತ್ತು. ಅವಳು ಕಿಟಕಿ ಮುಚ್ಚಿ, ದನಿ ಸ್ವಲ್ಪ ಏರಿಸಿ, ನಿಲ್ಲಿಸಿದ್ದ ಪಾಠವನ್ನು ಮುಂದುವರಿಸಿದಳು. ಮುಂದಿನ ವರ್ಷವೂ ಅವಳನ್ನೇ ತೆಗೆದುಕೊಂಡರು, ತಾತ್ಕಾಲಿಕವಾಗಿ.