ಹೂಂ ಅಂದದ್ದಷ್ಟೇ

ನಮ್ಮ ದೊಡ್ಡಮ್ಮನಿಗೆ ತಲೆ ಕೆಟ್ಟಿದೆ ಎಂಬ ಸುದ್ದಿ ಹುಟ್ಟಿದ್ದು ಟೀ ಎಲೆ ತೂಗುವ ಶೆಡ್ಡಿನಲ್ಲಿ.

ಸುದ್ದಿಗೆ ಸಾಕ್ಷಿ ಇತ್ತು. ಸಾಕ್ಷಿ ಎಲ್ಲರ ಫೋನಿನಲ್ಲೂ ಇತ್ತು.

ಅವತ್ತು ಫ್ಯಾಕ್ಟರಿಯ ಲಾರಿ ತಡವಾಗಿತ್ತು. (ತಡವಾಗದ ದಿನ ಅದರ ಬಗ್ಗೆ ಬೇರೆಯೇ ಅಂಕಣ ಬರೆಯುತ್ತೇನೆ.) ಎಲೆ ಮೂಟೆಗಳ ಮೇಲೆ ಕೂತ ಹೆಂಗಸರು ಹೊತ್ತು ಕಳೆಯಲು ದೊಡ್ಡಮ್ಮನ ಪಾಡ್‌ಕಾಸ್ಟಿನ ಹೊಸ ಕಂತು ಹಾಕಿದರು. ಅರ್ಧ ಕೇಳುವಷ್ಟರಲ್ಲಿ ಪಕ್ಕದ ಮನೆಯ ಬೆಳ್ಳಿಯಮ್ಮ ದೊಡ್ಡಮ್ಮನ ಕಡೆ ತಿರುಗಿದರು.

“ಏನಕ್ಕ, ನೀ ಯಾರ ಒಟ್ಟಿಗೆ ಮಾತಾಡ್ತಾ ಇದ್ದೆ? ಅಲ್ಲಿ ಯಾರೂ ಇಲ್ಲೆಯಲ್ಲ!”

ದೊಡ್ಡಮ್ಮ ಕಿವಿಗೊಟ್ಟು ಕೇಳಿದರು. ನಿಜ, ಯಾರೂ ಇರಲಿಲ್ಲ. ಫೋನಿನೊಳಗೆ ಒಬ್ಬಳು ಹೆಂಗಸು ಉಸಿರೂ ಬಿಡದೆ, ಯಾರ ಕಡೆಗೂ ನೋಡದೆ, ತಾನೇ ತಾನಾಗಿ ಮಾತಾಡುತ್ತಿದ್ದಳು.

“ವಯಸ್ಸಾದರೆ ಹಾಗೇ. ನಮ್ಮತ್ತೆಯೂ ಕಡೆಗೆ ಗೋಡೆ ಹತ್ತಿರ ಮಾತಾಡ್ತಿದ್ದರು,” ಎಂದರು ಬೆಳ್ಳಿಯಮ್ಮ. ಬಹಳ ಮರುಕದಿಂದ.

ದೊಡ್ಡಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತರು.

“ಕೂಸು, ನೀ ಎಲ್ಲಿ ಹೋಗಿದ್ದೆ?”

“ಎಲ್ಲೂ ಇಲ್ಲ. ಇಲ್ಲೇ ಇದ್ದೆ.”

“ಇಲ್ಲಿ ಅಲ್ಲ,” ಎಂದು ಫೋನು ತೋರಿಸಿದರು. “ಇದರೊಳಗೆ.”

ಹಳೆಯ ಓದುಗರಿಗೆ ದೊಡ್ಡಮ್ಮ ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ. ಅವರು ನನ್ನ ಅಮ್ಮನ ಅಕ್ಕ. ನೀಲಗಿರಿಯ ಇತ್ತಲಾರಿನಲ್ಲಿ ಒಂದು ಚೂರು ಟೀ ತೋಟ, ಅದರ ಕೆಳಗೆ ಒಂದು ಪಟ್ಟಿ ಕ್ಯಾರೆಟ್, ಮತ್ತೆ ಮುಗಿಯದಷ್ಟು ಮಾತು ಅವರ ಆಸ್ತಿ. ನಾನು ಮೈಸೂರಿನಲ್ಲಿ ಓದು ಮುಗಿಸಿ ಬಂದು ಅವರ ಜೊತೆಗಿದ್ದೇನೆ. (ಯಾಕೆ ಎಂಬುದು ಈ ಅಂಕಣದ ವಿಷಯವಲ್ಲ.) ಅವರ ಮಾತನ್ನು ಅಡುಗೆಮನೆಯಲ್ಲಿ ರೆಕಾರ್ಡ್ ಮಾಡಿ ಪಾಡ್‌ಕಾಸ್ಟ್ ಎಂದು ಹಾಕತೊಡಗಿದೆ. ಹೆಸರು ‘ಒಲೆ ಮುಂದೆ’. ಭಾಷೆ ನಮ್ಮ ಬಡಗ. ನಾದಿನಿಯ ಮದುವೆಗೆ ಕರಡಿ ಬಂದದ್ದು, ನಂಜನಾಡಿನ ಬೀಗರು ಆಲೂಗಡ್ಡೆ ಮೂಟೆ ಹೊತ್ತು ತಂದು, ಜಗಳವಾಡಿ, ಮತ್ತೆ ಅದನ್ನೇ ಹೊತ್ತುಕೊಂಡು ಹೋದದ್ದು, ಇಂಥವನ್ನು ಅವರು ಹೇಳುತ್ತಾರೆ. ಕರಡಿ ಪ್ರತಿ ಸಲ ಸ್ವಲ್ಪ ದೊಡ್ಡದಾಗುತ್ತದೆ.

ನಾನು ಹೂಂ ಅನ್ನುತ್ತೇನೆ.

ಅಷ್ಟೇ ನನ್ನ ಪಾತ್ರ. ನನಗೆ ಮಾತು ಕಡಿಮೆ, ಹೂಂ ಮಾತ್ರ ಚೆನ್ನಾಗಿ ಬರುತ್ತದೆ. ಕರಡಿ ಬಾಗಿಲು ತಳ್ಳುವಾಗಿನ ಹೂಂ ಬೇರೆ, ಕರಡಿ ಎಣ್ಣೆ ಡಬ್ಬಿ ಎತ್ತಿಕೊಂಡು ಹೋದ ಮೇಲಿನ ಹೂಂ ಬೇರೆ. ನಾನು ಒಂದು ಹೂಂ ತಪ್ಪಿಸಿದರೆ ದೊಡ್ಡಮ್ಮ ನಿಲ್ಲಿಸಿ, “ನಿದ್ದೆಯಾ?” ಎಂದು ಕೇಳುತ್ತಾರೆ. ಕತೆ ಮುಂದಕ್ಕೆ ಹೋಗುವುದಿಲ್ಲ. ನಿಮ್ಮ ಮನೆಯಲ್ಲೂ ಹಾಗೇ ಅಲ್ಲವೇ?

(ದೊಡ್ಡಮ್ಮನ ಮಾತನ್ನು ಇಲ್ಲಿ ನಿಮಗಾಗಿ ಕನ್ನಡದ ಹತ್ತಿರ ಎಳೆದಿದ್ದೇನೆ. ಎಳೆಯುವಾಗ ಒಂದೆರಡು ಕಡೆ ಹರಿದಿದೆ.)

ಕಾರ್ಯಕ್ರಮಕ್ಕೆ ಸ್ವಲ್ಪ ಹೆಸರು ಬಂತು. ಊಟಿಯಲ್ಲಿ, ಕೊಯಮತ್ತೂರಿನಲ್ಲಿ, ಪಂದಲೂರಿನ ಎಸ್ಟೇಟ್ ಆಫೀಸುಗಳಲ್ಲಿ ಕೂತ ನಮ್ಮವರು ಕೇಳತೊಡಗಿದರು. ಆಗ ಬೆಂಗಳೂರಿನ ಒಂದು ಪಾಡ್‌ಕಾಸ್ಟ್ ನೆಟ್‌ವರ್ಕ್ (ಹೆಸರು ಬೇಡ) ನಮ್ಮನ್ನು ಸೇರಿಸಿಕೊಂಡಿತು. ಆಗಿನ ಕರಾರು ಸರಳವಾಗಿತ್ತು. ನೀವು ಮಾತಾಡಿ ಕಳಿಸಿ, ನಾವು ಎಡಿಟ್ ಮಾಡಿ ಹಾಕಿ ಜಾಹೀರಾತು ತರುತ್ತೇವೆ, ಬಂದದ್ದನ್ನು ಹಂಚಿಕೊಳ್ಳೋಣ. ಒಂದು ಮೈಕನ್ನೂ ಕಳುಹಿಸಿದರು. ಅದನ್ನು ದೊಡ್ಡಮ್ಮನ ಸೀರೆಗೆ ಸಿಕ್ಕಿಸಿದರೆ ಕೊರಳಿನ ಲಿಂಗದ ಬೆಳ್ಳಿ ಕರಡಿಗೆಗೆ ತಗುಲಿ ಟಿಣ್ ಅನ್ನುತ್ತಿತ್ತು. “ಅದು ಲಿಂಗ, ತೆಗೆಯೋದಿಲ್ಲ. ನಿನ್ನ ಮೈಕು ಬೇಕಾದರೆ ತೆಗಿ,” ಎಂದರು. ಮೈಕು ಸ್ವಲ್ಪ ಪಕ್ಕಕ್ಕೆ ಸರಿಯಿತು. ಎಲ್ಲರೂ ಚೆನ್ನಾಗಿದ್ದೆವು.

ಆಮೇಲೆ ನೆಟ್‌ವರ್ಕ್ ಬದಲಾಯಿತು. ನಮ್ಮದೊಂದೇ ಅಲ್ಲ, ಈ ವ್ಯವಹಾರದಲ್ಲಿ ಇರುವ ಗೆಳತಿಯರನ್ನು ಕೇಳಿದೆ, ಎಲ್ಲರದೂ ಇದೇ ರಾಗ. ಬರಿಯ ಧ್ವನಿ ಈಗ ಹಳೆಯ ಮಾಲಂತೆ. ಮುಖ ಬೇಕು, ವಿಡಿಯೋ ಬೇಕು, ಆ ವಿಡಿಯೋವನ್ನು ಕೊತ್ತಂಬರಿಯ ಹಾಗೆ ಸಣ್ಣಗೆ ಹೆಚ್ಚಿ ಎಲ್ಲ ಕಡೆ ಉದುರಿಸಬೇಕು. ಮೊದಲು ನಾವು ‘ಕಾರ್ಯಕ್ರಮ’ ಆಗಿದ್ದೆವು. ಆಮೇಲೆ ‘ಕಂಟೆಂಟ್’ ಆದೆವು. ಈಗ ನಾವು ‘ಕ್ರಿಯೇಟರ್’. ಹಾಗೆಂದರೇನು ಎಂದು ದೊಡ್ಡಮ್ಮ ಕೇಳಿದರು. ಸೃಷ್ಟಿಕರ್ತ ಎಂದೆ. ಅವರು ಕೊರಳಿನ ಲಿಂಗ ಮುಟ್ಟಿಕೊಂಡು, “ಹಾಗೆಲ್ಲ ಹೇಳಬೇಡ ಕೂಸು,” ಎಂದರು.

ಶೆಡ್ಡಿನ ಪ್ರಸಂಗದ ಮರುದಿನ ನೆಟ್‌ವರ್ಕಿಗೆ ಫೋನು ಮಾಡಿದೆ. ನಮ್ಮ ಕಾರ್ಯಕ್ರಮ ನೋಡಿಕೊಳ್ಳುವ ಪ್ರಣವ್ ಎತ್ತಿದ. ಒಳ್ಳೆಯ ಹುಡುಗ. ಯಾವಾಗಲೂ ಓಡುತ್ತಾ ಮಾತಾಡುವವನ ಹಾಗೆ ಮಾತಾಡುತ್ತಾನೆ.

“ಮೇಡಂ, ಹೊಸ ಸಾಫ್ಟ್‌ವೇರ್ ಬಂದಿದೆ. ನಿಮಗೂ ಲಾಗಿನ್ ಕಳಿಸಿದೀನಿ, ನೋಡಿ. ಫಿಲ್ಲರ್ ಎಲ್ಲ ಕೆಂಪು ಗುರುತು ಮಾಡಿ ತಾನೇ ಕಟ್ ಮಾಡುತ್ತೆ. ಎಪಿಸೋಡ್ ಎಷ್ಟು ಟೈಟ್ ಆಗಿದೆ ಅಲ್ವಾ?”

“ಫಿಲ್ಲರ್ ಅಂದರೆ?”

“ಅರ್ಥ ಇಲ್ಲದ ಸೌಂಡು ಮೇಡಂ. ಕೆಮ್ಮು, ಹೂಂ, ನಾಯಿ...”

ಕೆಮ್ಮಿಗೂ ನಾಯಿಗೂ ನಡುವೆ ನನ್ನ ಸ್ಥಾನ. ತಿಳಿದುಕೊಂಡದ್ದು ಒಳ್ಳೆಯದಾಯಿತು.

“ಆ ಹೂಂ ನಾನು,” ಎಂದೆ.

ಪ್ರಣವ್ ಒಂದು ಕ್ಷಣ ಓಡುವುದು ನಿಲ್ಲಿಸಿದ. ಆಮೇಲೆ, “ಅದೇ ಮೇಡಂ, ನಾನೇ ಹೇಳೋಣ ಅಂತಿದ್ದೆ. ಹೋಸ್ಟ್ ಎನರ್ಜಿ ಸ್ವಲ್ಪ ಕಮ್ಮಿ,” ಎಂದ. ದೊಡ್ಡಮ್ಮನಿಗೆ ಬೇಸರವಾಗಿದೆ, ಹೂಂ ವಾಪಸ್ ಬರದೆ ಅವರು ಮಾತಾಡುವುದಿಲ್ಲ ಎಂದೆ. “ಅಮ್ಮನ ಹತ್ರ ನಾನೇ ಮಾತಾಡ್ತೀನಿ ಮೇಡಂ. ದೊಡ್ಡ ಪ್ಲಾನ್ ಇದೆ. ಕೇಳಿದ್ರೆ ಖುಷಿ ಆಗ್ತಾರೆ,” ಎಂದ.

ಮರುದಿನ ಮಧ್ಯಾಹ್ನ ಕರೆ ಬಂತು. ದೊಡ್ಡಮ್ಮ ಬಟಾಣಿ ಬಿಡಿಸುತ್ತಿದ್ದರು. ಫೋನನ್ನು ಸ್ಪೀಕರಿಗೆ ಹಾಕಿ ಮೊರದ ಪಕ್ಕ ಇಟ್ಟೆ.

“ಅಮ್ಮಾ, ನಮಸ್ಕಾರ. ನಿಮ್ಮ ವಾಯ್ಸ್ ಇದೆಯಲ್ಲ, ಅದು ಗೋಲ್ಡ್!”

“ಹೂಂ,” ಎಂದರು ದೊಡ್ಡಮ್ಮ.

“ಈಗೇನು ಮಾಡ್ತೀವಿ ಅಂದ್ರೆ, ಆ ವಾಯ್ಸನ್ನ ಕಂಪ್ಯೂಟರಿಗೆ ಕಲಿಸ್ತೀವಿ.”

“ಹೂಂ.”

“ಆಮೇಲೆ ನೀವು ಕಷ್ಟಪಡೋದೇ ಬೇಡ. ಹಿಂದಿ, ತೆಲುಗು, ಇಂಗ್ಲಿಷು, ಎಲ್ಲದರಲ್ಲೂ ನೀವೇ ಕತೆ ಹೇಳ್ತೀರಿ. ಕತೆ ನಾವೇ ಬರೀತೀವಿ. ಆ್ಯಡ್ ಕೂಡ ನಿಮ್ಮ ವಾಯ್ಸಲ್ಲೇ.”

“ಹೂಂ.”

ಮಧ್ಯೆ ಮಧ್ಯೆ ಅವನೇ ನಗುತ್ತಿದ್ದ. ದೊಡ್ಡಮ್ಮ ಆ ನಗೆಗೂ ಒಂದು ಹೂಂ ಕೊಟ್ಟರು. ಅವನು ಮುಗಿಸಲಿ, ಆಮೇಲೆ ನಾನು ಮಾತಾಡೋಣ ಎಂದು ಕಾದೆ. ಮಾತಾಡುತ್ತಿರುವವರ ಮಧ್ಯೆ ಬಾಯಿ ಹಾಕುವುದು ನನಗೆ ಬರುವುದಿಲ್ಲ. ಅಷ್ಟರಲ್ಲಿ ಮಂಜು ಇಳಿಯಿತು. ಮಂಜು ಇಳಿದರೆ ನಮ್ಮಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. (ನಾನು ಸಿಗ್ನಲ್ ಬಗ್ಗೆ ಹೇಳುತ್ತಿದ್ದೇನೆ.) ಕರೆ ಕಟ್ಟಾಯಿತು.

ಸಂಜೆ ಮೇಲ್ ಬಂತು. ಅಮ್ಮನವರು ಒಪ್ಪಿದ್ದಕ್ಕೆ ಧನ್ಯವಾದಗಳು, ಕರೆ ರೆಕಾರ್ಡ್ ಆಗಿದೆ, ಬಾಯಿಮಾತಿನ ಒಪ್ಪಿಗೆ ಸಾಕು, ಸಹಿ ಆಮೇಲೆ ಮಾಡಬಹುದು. ಜೊತೆಗೆ ಒಂದು ಸ್ಯಾಂಪಲ್ಲು.

ಸ್ಯಾಂಪಲ್ ಹಾಕಿದೆ. ದೊಡ್ಡಮ್ಮನ ದನಿ. ಅದೇ ಸ್ವಲ್ಪ ಒಡೆದ ಗಂಟಲು, ಅದೇ ಎಳೆತ. ಆದರೆ ಹಿಂದಿ. ಹಿಂದಿಯ ದೊಡ್ಡಮ್ಮ ಕರಡಿ ಕತೆ ಹೇಳಿ, ಕರಡಿಯ ಹಿಂದೆ ಓಡಿದಾಗ ಬಂದ ಮಂಡಿನೋವಿಗೆ ಯಾವ ಎಣ್ಣೆ ಹಚ್ಚಿದೆ ಎಂಬುದನ್ನೂ ಹೇಳಿದರು. ದೊಡ್ಡಮ್ಮ ಕರಡಿಯ ಹಿಂದೆ ಓಡಿದವರಲ್ಲ. ಅವರು ಓಡಿದ್ದು ಇನ್ನೊಂದು ದಿಕ್ಕಿಗೆ.

ದೊಡ್ಡಮ್ಮ ಇನ್ನೂ ಮುಗಿಯದ ಬಟಾಣಿಯ ಮೊರ ಪಕ್ಕಕ್ಕೆ ಸರಿಸಿದರು.

“ಯಾರವಳು?”

“ಕಂಪ್ಯೂಟರು.”

“ನನ್ನ ದನಿ ಉಟ್ಟುಕೊಂಡು ಬಂದಿದ್ದಾಳೆ.” ಫೋನನ್ನು ಬೋರಲು ಮಾಡಿಟ್ಟರು. “ಇವತ್ತು ಎಣ್ಣೆ ಅಂತಾಳೆ. ನಾಳೆ ನಂಗ ಬಡಗ ಮಾತಿನಲ್ಲೇ ಶುರು ಮಾಡಿ ಬೆಳ್ಳಿಯ ಸೊಸೆ ಬಗ್ಗೆ ಏನಾದರೂ ಅಂದರೆ? ಹಟ್ಟಿಯಲ್ಲಿ ಯಾರು ನಂಬ್ತಾರೆ, ಅದು ನಾನಲ್ಲ ಅಂತ?”

ತಮಾಷೆಗೆ ಹೇಳಿದ್ದಲ್ಲ ಅದು. ದೊಡ್ಡಮ್ಮ ಬಾಯಿ ಜೋರು, ಆದರೆ ಅವರು ಆಡಿದ ಮಾತು ಅವರದೇ. ಬೆಳ್ಳಿಯಮ್ಮನ ಸೊಸೆಯ ಬಗ್ಗೆ ಹೇಳುವುದಿದ್ದರೆ ಅವಳ ಎದುರಿಗೇ ಹೇಳಿ, ಅವಳ ಕೈಯಲ್ಲೇ ಕಾಫಿ ಮಾಡಿಸಿಕೊಂಡು ಕುಡಿದು ಬರುವವರು. ಹಾಗೆ ಕಟ್ಟಿಕೊಂಡ ಬದುಕು. ಆ ದನಿಯನ್ನು ಇನ್ನು ಮುಂದೆ ಯಾರೋ ಎಲ್ಲೋ ಕೂತು ಆಡಿಸುತ್ತಾರೆ ಎಂದರೆ?

“ನೀವು ಒಪ್ಪಿದಿರಿ ಅಂತ ಬರೆದಿದ್ದಾರೆ ದೊಡ್ಡಮ್ಮ.”

“ನಾನಾ? ಯಾವಾಗ?”

“ಹೂಂ ಅಂದಿರಲ್ಲ.”

“ಹೂಂ ಅಂದದ್ದಷ್ಟೇ!” ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ. “ಆ ಹೈದ ಅಷ್ಟು ದೂರದಿಂದ ಮಾತಾಡ್ತಾ ಇದ್ದಾನೆ. ನಾ ಹೂಂ ಅನ್ನದೇ ಇದ್ದರೆ ಅವ ಒಬ್ಬನೇ ಆಗಿಬಿಡೋದಿಲ್ಲವಾ? ಒಪ್ಪುವವಳು ಹೂಂ ಅಂತಾ ಕೂರ್ತಾಳಾ? ಯಾಕೆ, ಏನು, ಎಷ್ಟು ದಿನ ಅಂತ ನೂರು ಕೇಳ್ತಾಳೆ. ನಿನ್ನ ದೊಡ್ಡಪ್ಪನ ಮನೆಯವರು ನನ್ನನ್ನು ಹೆಣ್ಣು ಕೇಳೋದಕ್ಕೆ ಮೊದಲು ಇನ್ನೊಂದು ಮನೆಯವರು ಬಂದಿದ್ದರಲ್ಲ, ಗೊತ್ತಾ? ನನ್ನಪ್ಪ ಸಂಜೆ ಪೂರ್ತಿ ಹೂಂ ಅಂದರು. ಬೆಳಗ್ಗೆ ಇಲ್ಲೆ ಅಂದರು.”

“ಅವರಿಗೆ ಬೇಸರ ಆಗಲಿಲ್ಲವಾ?”

“ಯಾಕೆ ಬೇಸರ? ಪೂರ್ತಿ ಕೇಳಿದರಲ್ಲ!”

ನೆಟ್‌ವರ್ಕಿಗೆ ಬರೆದೆ. ಒಪ್ಪಿಗೆ ಎಲ್ಲಿದೆ, ದಯವಿಟ್ಟು ತೋರಿಸಿ. ಅವರು ತಡಮಾಡಲಿಲ್ಲ. ಕರೆಯ ರೆಕಾರ್ಡಿಂಗ್ ಕಳುಹಿಸಿದರು. ದೊಡ್ಡಮ್ಮನ ಪ್ರತಿ ಹೂಂ ಮೇಲೂ ಒಂದು ಹಸಿರು ಗುರುತು.

ನಾನು ಸ್ವಲ್ಪ ಹೊತ್ತು ಆ ಹಸಿರು ನೋಡುತ್ತಾ ಕೂತೆ. ನಮ್ಮ ಕಂತುಗಳಲ್ಲಿ ನನ್ನ ಹೂಂ ಮೇಲೆಲ್ಲ ಕೆಂಪು ಗುರುತಿತ್ತು. ಅದು ಅರ್ಥವಿಲ್ಲದ ಸದ್ದು, ಕೆಮ್ಮಿನ ತಮ್ಮ, ನಾಯಿಯ ಅಣ್ಣ. ಅದೇ ಅಡುಗೆಮನೆ, ಅದೇ ಒಲೆ, ಅದೇ ಅಕ್ಷರ. ಕೇಳುತ್ತಿದ್ದೇನೆ ಎಂದು ಹೇಳಲು ಬಳಸಿದರೆ ಕಸ. ಕೊಡುತ್ತಿದ್ದೇನೆ ಎಂದು ಹಿಡಿಯಲು ಸಿಕ್ಕರೆ ದಸ್ತಾವೇಜು. ಈ ಹೊಸ ಆರ್ಥಿಕತೆಯ ಬಗ್ಗೆ ದೊಡ್ಡ ದೊಡ್ಡ ಲೇಖನಗಳನ್ನು ಓದಿದ್ದೇನೆ. ಇಷ್ಟು ಸ್ಪಷ್ಟವಾಗಿ ಯಾವುದೂ ಹೇಳಿರಲಿಲ್ಲ.

ಜಗಳವಾಡುವುದು ನನ್ನ ಸ್ವಭಾವವಲ್ಲ. ಪ್ರಣವ್ ಕೊಟ್ಟ ಲಾಗಿನ್ ಇತ್ತಲ್ಲ, ಅದರಲ್ಲಿ ಆ ಸಾಫ್ಟ್‌ವೇರ್ ತೆರೆದೆ. ಕರೆಯ ರೆಕಾರ್ಡಿಂಗನ್ನು ಅದರೊಳಗೆ ಹಾಕಿದೆ. ಗುಂಡಿ ಒತ್ತಿದೆ. ಹಸಿರೆಲ್ಲ ಕೆಂಪಾಯಿತು. ಆಮೇಲೆ ಕೆಂಪೂ ಹೋಯಿತು. ಬಹಳ ಟೈಟ್ ಆಗಿ ಬಂತು.

ಅದನ್ನು ಲಗತ್ತಿಸಿ ಬರೆದೆ: “ನಿಮ್ಮದೇ ಗುಣಮಟ್ಟದ ನಿಯಮದಂತೆ ಶುದ್ಧ ಮಾಡಿದ ಪ್ರತಿ ಇದು. ಇದರಲ್ಲಿ ಒಪ್ಪಿಗೆ ಎಲ್ಲಿದೆ ಎಂದು ತಿಳಿಸಿದರೆ ಅನುಕೂಲ.”

ಕೆಲವು ದಿನ ಉತ್ತರ ಬರಲಿಲ್ಲ. ಆಮೇಲೆ ಪ್ರಣವ್ ತಾನೇ ಫೋನು ಮಾಡಿದ. ಅವತ್ತು ಓಡುತ್ತಿರಲಿಲ್ಲ.

“ಮೇಡಂ, ಅದನ್ನ ಮೀಟಿಂಗಲ್ಲಿ ಪ್ಲೇ ಮಾಡಿದ್ರು. ಎಲ್ಲರೂ ನಕ್ಕರು.”

“ಕ್ಷಮಿಸಿ,” ಎಂದೆ. ನಿಜವಾಗಿಯೂ ಹೇಳಿದೆ.

“ಪರವಾಗಿಲ್ಲ ಮೇಡಂ. ಲೀಗಲ್‌ನವರು ಮಾತ್ರ ನಗಲಿಲ್ಲ. ಸ್ಯಾಂಪಲ್ಲು, ಕಲಿಸಿದ ವಾಯ್ಸು, ಎಲ್ಲ ಡಿಲೀಟ್ ಆಗಿದೆ. ಲೆಟರ್ ಬರುತ್ತೆ. ಶೋ ಬೇಕಾದ್ರೆ ನೀವೇ ಇಟ್ಕೊಳ್ಳಿ ಅಂದ್ರು.”

ಲೆಟರ್ ಬಂತು. ಶೋ ಇಟ್ಟುಕೊಂಡೆವು. ಮೈಕು ವಾಪಸ್ ಕಳುಹಿಸಿದೆವು. ಹಳೆಯ ಕಂತುಗಳನ್ನು ಒಂದೊಂದಾಗಿ ಕೆಮ್ಮು, ಹೂಂ, ನಾಯಿ ಸಮೇತ ಮತ್ತೆ ಹಾಕುತ್ತಿದ್ದೇನೆ. ಶೆಡ್ಡಿನಲ್ಲಿ ಬೆಳ್ಳಿಯಮ್ಮ ಮೊದಲನೆಯದನ್ನು ಕೇಳಿ, “ಓ, ಕೂಸು ಇದ್ದಾಳಲ್ಲ,” ಎಂದರಂತೆ. ಸ್ವಲ್ಪ ನಿರಾಸೆಯಿಂದ ಎಂದು ದೊಡ್ಡಮ್ಮನ ಅಂಬೋಣ.

ಎಲ್ಲ ಮುಗಿದ ಮೇಲೆ ದೊಡ್ಡಮ್ಮ, ನೀ ಅವರಿಗೆ ಕಳುಹಿಸಿದ್ದೇನು, ನಾನೂ ಕೇಳಬೇಕು ಎಂದರು. ಹಾಕಿದೆ. ಪ್ರಣವ್ ನಮಸ್ಕಾರ ಅನ್ನುತ್ತಾನೆ, ಗೋಲ್ಡ್ ಅನ್ನುತ್ತಾನೆ, ಪ್ಲಾನ್ ಹೇಳುತ್ತಾನೆ, ನಗುತ್ತಾನೆ, ಮತ್ತೆ ಹೇಳುತ್ತಾನೆ, ಮತ್ತೆ ನಗುತ್ತಾನೆ. ಸುತ್ತ ಯಾರೂ ಇಲ್ಲ.

ದೊಡ್ಡಮ್ಮ ಕೊನೆಯವರೆಗೂ ಕೇಳಿದರು. ನಗಲಿಲ್ಲ.

“ಅಯ್ಯೋ, ಪಾಪದ ಹೈದ,” ಎಂದರು. “ಅಷ್ಟು ದೊಡ್ಡ ಊರಿನಲ್ಲಿ ಅವನಿಗೆ ಒಂದು ಹೂಂ ಅನ್ನುವವರು ಯಾರೂ ಇಲ್ಲೆಯಾ?”