ಆನೆಗೆ ಮಂಗಳಾರತಿ

ದೊಡ್ಡಪ್ಪ ತೀರಿಕೊಂಡು ಬಹಳ ಕಾಲವಾಯಿತು. ಆದರೂ ಆ ಗಂಟೆಯ ವಿಷಯ ನೆನಪಾದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ನಾನು ಇಟ್ಟುಕೊಂಡಿದ್ದೇನೆ.

ಅರವತ್ತರ ದಶಕದ ಮೊದಲ ವರ್ಷಗಳು, ನಾವು ಯಲಹಂಕದಲ್ಲಿದ್ದೆವು. ವರ್ಷಕ್ಕೊಮ್ಮೆ ಒಬ್ಬ ಮಾವುತ ಆನೆಯ ಜೊತೆ ಭಿಕ್ಷೆಗೆ ಬರುತ್ತಿದ್ದ. ಅಜ್ಜಿ ಮೊರದಲ್ಲಿ ಅಕ್ಕಿ, ಬೆಲ್ಲ ತಂದು ಸೊಂಡಿಲಿಗೆ ಒಡ್ಡುವಳು. ಒಂದು ಸಲ ಅದರ ಕಾಲಲ್ಲಿ ಸರಪಳಿ ಉಜ್ಜಿ ಆದ ಹುಣ್ಣನ್ನೂ ಅದಕ್ಕೆ ಮುತ್ತಿದ ನೊಣಗಳನ್ನೂ ಕಂಡಳು. ಅಂದಿನಿಂದ ಅವಳದು ಒಂದೇ ಮಾತು: "ಸರಪಳಿ ಇಲ್ದಿರೋ ಆನೆನ ಕಣ್ಣಾರ ಒಂದ್ಸಲ ನೋಡ್ಬೇಕು." ಅಷ್ಟರಲ್ಲಿ ಅವಳ ಒಂದು ಕಣ್ಣು ಹೋಗಿತ್ತು, ಇನ್ನೊಂದಕ್ಕೂ ಪೊರೆ ಬರುತ್ತಿತ್ತು.

ಕೊನೆಗೆ ಮೈಸೂರಿನಾಚೆ, ಕಾಡುಪ್ರಾಣಿಗಳನ್ನು ಕಾಪಾಡಲೆಂದು ಮೀಸಲಿಟ್ಟಿದ್ದ ಆನೆಕಾಡಿಗೆ ವ್ಯಾನು ಮಾಡಿಕೊಂಡು ಹೊರಟೆವು. ಅಜ್ಜಿಯ ಹಿರಿಮಗ, ನಮ್ಮ ದೊಡ್ಡಪ್ಪ, ಊರಿನ ಗಣೇಶನ ಗುಡಿಯ ಧರ್ಮದರ್ಶಿ. ಅವರ ಚೀಲದಲ್ಲಿ ತೆಂಗಿನಕಾಯಿ, ಕರ್ಪೂರ, ಆರತಿ ತಟ್ಟೆ, ಗುಡಿಯ ಕೈಗಂಟೆ. ಆನೆ ಅಂದರೆ ಗಣಪ, ಬರಿಗೈಲಿ ಹೋಗುವುದುಂಟೇ ಎಂದು ಅವರ ವಾದ. ಮನೆಯಲ್ಲಿ ಯಾರಿಗೂ ಅದು ತಪ್ಪೆನಿಸಲಿಲ್ಲ.

ಅಲ್ಲಿ ಅರಣ್ಯ ಇಲಾಖೆಯ ಲಾರಿಯಲ್ಲಿ ಬೆಂಚುಗಳ ಮೇಲೆ ಕೂತೆವು. "ಉಸಿರೆತ್ತಬೇಡಿ, ಎದ್ದು ನಿಲ್ಲಬೇಡಿ" ಎಂದು ಕಾವಲುಗಾರ ಎರಡೆರಡು ಸಲ ಹೇಳಿದ್ದ. ಸಂಜೆಯ ಹೊತ್ತಿಗೆ ಒಂದು ಕಟ್ಟೆಯ ಬಳಿ ಲಾರಿ ನಿಂತಿತು. ಆಚೆ ದಡದಲ್ಲಿ ಆನೆಗಳ ಹಿಂಡು ನೀರಿಗಿಳಿದಿತ್ತು. ಒಂದು ಮರಿ ತಾಯಿಯ ಕಾಲ ನಡುವೆ ನುಸುಳಾಡುತ್ತಿತ್ತು. ಯಾವ ಕಾಲಿಗೂ ಸರಪಳಿಯಿಲ್ಲ. ಅಜ್ಜಿಯ ಕಣ್ಣಿಗೆ ಯಾವುದೇ ಆಗಲಿ ನಿಧಾನವಾಗಿ ಮೂಡಬೇಕು. ನಾನು ಅವಳ ಗಲ್ಲ ಹಿಡಿದು ಮೆಲ್ಲಗೆ ಅತ್ತ ತಿರುಗಿಸುತ್ತಿದ್ದೆ.

ಅಷ್ಟರಲ್ಲಿ ದೊಡ್ಡಪ್ಪ ಅವಳ ಮುಂದೆಯೇ ಎದ್ದು ನಿಂತರು. ಕರ್ಪೂರ ಹಚ್ಚಿದರು. ಗುಡಿ ತಮ್ಮದು, ದೇವರೂ ತಮ್ಮದು ಎನ್ನುವ ಹಾಗೆ ಢಣಢಣ ಗಂಟೆ ಬಾರಿಸಿದರು.

ತಾಯಿ ಆನೆ ಒಮ್ಮೆ ಘೀಳಿಟ್ಟಿತು. ಹಿಂಡು ಮರಿಯನ್ನು ನಡುವೆ ಹಾಕಿಕೊಂಡು ಪೊದೆಯೊಳಗೆ ನುಗ್ಗಿತು. ಕಾವಲುಗಾರ ಬೈಯುತ್ತ ಕರ್ಪೂರ ಆರಿಸಿದ. ನಮ್ಮವರೆಲ್ಲ ಕೈಮುಗಿದುಕೊಂಡು ಕೂತಿದ್ದರು. ಒಬ್ಬರಾದರೂ ದೊಡ್ಡಪ್ಪನ ಅಂಗಿ ಹಿಡಿದು ಕೂರಿಸಲಿಲ್ಲವಲ್ಲ ಎಂದು ನನಗೆ ಅಳು ಬಂತು.

"ಎಲ್ಲಮ್ಮಿ? ಯಾವ್ ಕಡೆ?" ಎಂದು ಅಜ್ಜಿ ಇನ್ನೂ ಕೇಳುತ್ತಿದ್ದಳು.

"ಓಡೋದ್ವು ಅಜ್ಜಿ" ಎಂದೆ.

ದೊಡ್ಡಪ್ಪ ಬಿಸಿಯಾರದ ತಟ್ಟೆಯನ್ನು ಅವಳ ಮುಂದೆ ಹಿಡಿದು, "ಒಳ್ಳೇ ದರ್ಶನ ಆಯ್ತು, ತಗೋಳವ್ವ" ಎಂದರು. ಅವಳು ಕೈ ಚಾಚಲಿಲ್ಲ. ಕತ್ತಲಾಗುತ್ತಿದೆಯೆಂದು ಲಾರಿ ತಿರುಗಿತು.

ಮುಂದಿನ ವರ್ಷದ ಹೊತ್ತಿಗೆ ಇನ್ನೊಂದು ಕಣ್ಣೂ ಹೋಯಿತು. ದೊಡ್ಡಪ್ಪ ಮಾತ್ರ ಮನೆಗೆ ಬಂದವರಿಗೆಲ್ಲ ಆನೆಯ ಕಥೆ ಹೇಳಿ, ತಾಯಿಗೆ ಗಣಪನ ದರ್ಶನ ಮಾಡಿಸಿದ ಪುಣ್ಯವಂತ ಅನ್ನಿಸಿಕೊಂಡರು. ಒಂದು ದಿನ ಅವರು ಹಾಗೆ ಹೇಳುತ್ತಿರುವಾಗಲೇ ಪಕ್ಕದ ಮನೆಯಾಕೆ ಅಜ್ಜಿಯನ್ನೇ ಕೇಳಿದಳು: "ಎಂಗಿತ್ತವ್ವ ಆನೆ?"

ಅಜ್ಜಿ ದೊಡ್ಡಪ್ಪನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ನಾನ್ ಕಂಡಿದ್ದು ಇವನ ಬೆನ್ನು ಕಣವ್ವ."