ಇಂಜಿನಿಯರ್ ಕೈಯಲ್ಲಿ ಕಸಬರಿಗೆ

ಮೊದಲನೇ ದಿನ: ಕಸ ಹೊಡೆದೆ. ಎರಡನೇ ದಿನ: ಕಸ ಹೊಡೆದೆ. ಮೂರನೇ ದಿನ: ಕಸ ಹೊಡೆದೆ, ಉಸ್ತಾದರು ಬೈದರು, ಮತ್ತೊಮ್ಮೆ ಕಸ ಹೊಡೆದೆ.

ಇದು ಯಾರದೋ ಮನೆಗೆಲಸದ ವರದಿಯಲ್ಲ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿಯ ಲಾಗ್‌ಬುಕ್. ಈಗ ಡಿಗ್ರಿಯ ಜೊತೆಗೇ ಅಪ್ರೆಂಟಿಸ್‌ಶಿಪ್ ಬಂದಿದೆಯಲ್ಲ? ಒಂದಿಡೀ ಸೆಮಿಸ್ಟರ್ ಕ್ಲಾಸು ಬಿಟ್ಟು ಹೊರಗೆಲ್ಲಾದರೂ ಕೆಲಸ ಕಲಿಯಬೇಕು. ದಿನಾ ಏನು ಕಲಿತೆ ಎಂದು ಬರೆಯಬೇಕು. ಅಂಬಿಕಾ ಬರೆದಿದ್ದಳು. ನಲವತ್ತು ಪುಟ. ನಲವತ್ತರಲ್ಲೂ ಕಸ.

ತಪ್ಪು ನನ್ನದೇ. ಇದ್ದದ್ದು ಇದ್ದಂತೆ ಬರೆಯಿರಿ ಎಂದು ಎಲ್ಲರಿಗೂ ತಾಕೀತು ಮಾಡಿ ಕಳಿಸಿದವನು ನಾನು.

ನಾನು ಬೀದರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಇಂಗ್ಲಿಷ್ ಮಾಸ್ತರ. ನಟ್ಟಿಗೂ ಬೋಲ್ಟಿಗೂ ಫರಕು ತಿಳಿಯದ ನಾನು ಅಪ್ರೆಂಟಿಸ್‌ಶಿಪ್ ಕೋಆರ್ಡಿನೇಟರ್ ಆದದ್ದು ಹೇಗೆ? ಆಯ್ಕೆಯ ಮೀಟಿಂಗಿನ ದಿನ ರಜೆ ಹಾಕಿದ್ದೆ. ನಮ್ಮ ಚರ್ಚಿನಲ್ಲಿ ತಂಗಿಯ ಮಗಳ ಮದುವೆ. ಮರುದಿನ ಬರುವಷ್ಟರಲ್ಲಿ ಸರ್ವಾನುಮತದಿಂದ ಆಯ್ಕೆಯಾಗಿದ್ದೆ. (ಮೀಟಿಂಗಿಗೆ ಹೋದವರಿಗೆ ಚಹಾ, ಹೋಗದವರಿಗೆ ಹುದ್ದೆ. ನಿಮ್ಮ ಆಫೀಸಿನಲ್ಲೂ ಹೀಗೇ ಅಲ್ಲವೇ?)

ಅಂಬಿಕಾ ಭಾತಂಬ್ರಾದ ಹುಡುಗಿ. ಮನೆಗೆ ಹತ್ತಿರವೆಂದು ಭಾಲ್ಕಿಯ ಒಂದು ಶೆಡ್ಡು ಸೇರಿದಳು. ಅಲ್ಲಿ ತೊಗರಿ ಬೇಳೆ ಮಾಡುವ ಮಿಲ್ಲಿನ ಮಷೀನು ತಯಾರಿಸುತ್ತಾರೆ, ಕೆಟ್ಟರೆ ಹೋಗಿ ರಿಪೇರಿ ಮಾಡುತ್ತಾರೆ. ಮಾಲೀಕರು ಬೇರೆ ಇದ್ದರೂ ನಡೆಯುವುದು ಖಾಜಾ ಉಸ್ತಾದರ ಮಾತು. ಅವರು ಓದಿದ್ದು ನಾಲ್ಕನೇ ಇಯತ್ತೆ. ಅವರ ಕಾಯಿದೆ ಒಂದೇ. ಕಲಿಯಲು ಬಂದವರು ಯಾರೇ ಇರಲಿ, ನಲವತ್ತು ದಿನ ನಟ್ಟು ಬಿಚ್ಚುವ ಪಾನಾ, ಸುತ್ತಿಗೆ ಮುಟ್ಟುವಂತಿಲ್ಲ. ಕಸಬರಿಗೆ ಮಾತ್ರ. ಅವರ ಉಸ್ತಾದರೂ ಅವರಿಗೆ ಹಾಗೇ ಕಲಿಸಿದ್ದಂತೆ.

ನಲವತ್ತು ದಿನಕ್ಕೆ ಮೊದಲ ರಿವ್ಯೂ. ಕಾಲೇಜಿನ ಕಮಿಟಿ ಲಾಗ್‌ಬುಕ್ ನೋಡಿ ಮೊದಲು ನಕ್ಕಿತು, ಆಮೇಲೆ ಸಿಟ್ಟಾಯಿತು. ಕಸ ಹೊಡೆಯುವುದು ಸಿಲಬಸ್ಸಿನಲ್ಲಿ ಎಲ್ಲಿದೆ? ಸೆಮಿಸ್ಟರೇ ರದ್ದು ಎಂದಿತು.

ಏನಾದರೂ ದಾರಿ ಸಿಕ್ಕೀತೆಂದು ಪೋರ್ಟಲ್ ತೆರೆದು ಕುಳಿತೆ. 'ಕಲಿತ ಕೌಶಲ' ಎಂಬಲ್ಲಿ ಪಟ್ಟಿಯಿತ್ತು. ರೋಬೋಟಿಕ್ಸ್, ಡ್ರೋನ್, ಆರ್ಟಿಫಿಶಿಯಲ್ ಇಂಟೆಲಿಜೆನ್ಸ್. ಕಸ ಇರಲಿಲ್ಲ. 'ಇತರೆ' ಒತ್ತಿದೆ. ಇತರೆಯಲ್ಲಿ ಪರಿಣತಿ ಪಡೆದ ಪ್ರಮಾಣಪತ್ರ ಲಗತ್ತಿಸಿ ಎಂದಿತು.

ಅಂಬಿಕಾ ನನ್ನ ಟೇಬಲ್ಲಿನ ಮುಂದೆ ಬಂದು ನಿಂತಳು. ಸೆಮಿಸ್ಟರ್ ಹೋದರೆ ಒಂದು ವರ್ಷ ಹೋದಂತೆ. ಅವಳ ತಮ್ಮ ಇದೇ ಕಾಲೇಜು, ಇದೇ ಬ್ರಾಂಚು, ಅವಳಿಗಿಂತ ಸರಿಯಾಗಿ ಒಂದು ವರ್ಷ ಹಿಂದೆ.

"ಮನ್ಯಾಗ ಅವಗ ಪಾಠಾ ಹೇಳಿ ಕೊಡಾಕಿ ನಾನೇ ಅದೀನ್ರಿ ಸರ್. ಈಗ ಅವನ ಬಾಜೂಕ ಕುಂತು ಪರೀಕ್ಷಾ ಬರೀಬೇಕೇನ್ರಿ?"

 ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅದೇ ಬ್ಯಾಚಿನ ಇನ್ನೊಬ್ಬ ಡ್ರೋನ್ ಹಾರಿಸಿದೆ ಎಂದು ಬರೆದು ಪಾಸಾಗಿದ್ದ. ಅವನ ಅಪ್ರೆಂಟಿಸ್‌ಶಿಪ್ ಇದ್ದದ್ದು ಐಸ್ ಫ್ಯಾಕ್ಟರಿಯಲ್ಲಿ.

ನಾನೂ ಹಟಕ್ಕೆ ಬಿದ್ದೆ. ಹೊರಗಿನ ಎಕ್ಸ್‌ಪರ್ಟ್ ಒಬ್ಬರು ಬಂದು ಕಣ್ಣಾರೆ ನೋಡಿ ತೀರ್ಮಾನ ಮಾಡಲಿ ಎಂದು ಅರ್ಜಿ ಹಾಕಿದೆ. ಪಿಎಚ್‌ಡಿ ಮಾಡಿದ ಸಾಹೇಬರೊಬ್ಬರು ಬಂದರು. ಅವರು ಬಂದ ದಿನವೇ ಭಾಲ್ಕಿಯ ಶೆಡ್ಡಿಗೆ ಬೀಗ. ತೊಗರಿಯ ಸುಗ್ಗಿ. ಔರಾದ ತಾಲೂಕಿನ ಡಾಬಕಾದಲ್ಲಿ ಮಿಲ್ಲು ಕೆಟ್ಟು ಸದ್ದು ಮಾಡುತ್ತಿದೆಯೆಂದು ಕರೆ ಬಂದು, ಉಸ್ತಾದರೂ ಅಂಬಿಕಾಳೂ ಅಲ್ಲಿಗೆ ಹೋಗಿದ್ದರು. ಸಾಹೇಬರನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಔರಾದ ದಾಟಿ ರಸ್ತೆಯ ಹೊಂಡಗಳು ಶುರುವಾದ ಮೇಲೆ ಅವರು ನನ್ನ ಜೊತೆ ಮಾತು ಬಿಟ್ಟರು.

ಡಾಬಕಾದಲ್ಲಿ ಮಿಲ್ಲು ಗರಗರ ಎನ್ನುತ್ತಿತ್ತು. ಸಾಹೇಬರು ಸದ್ದು ಅಳೆಯುವ ಆ್ಯಪ್ ತೆರೆದು ಮೊಬೈಲನ್ನು ಮಷೀನಿನ ಹತ್ತಿರ ಹಿಡಿದರು. ಆ್ಯಪು ಮೊದಲು ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು ತೋರಿಸಿತು. ಖಾಜಾ ಉಸ್ತಾದರು ತೊಗರಿ ಚೀಲದ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದವರು ಏಳಲಿಲ್ಲ. ಮಷೀನು ಬಂದ್ ಮಾಡಿಸಿ, ಅಂಬಿಕಾಳಿಗೆ ಕಣ್ಣಲ್ಲೇ ಏನೋ ಹೇಳಿದರು. ಅವಳು ಹೋಗಿ ಕಸಬರಿಗೆ ಎತ್ತಿಕೊಂಡಳು.

 ಯಾವುದು ಕಲಿಕೆಯಲ್ಲವೆಂದು ಸೆಮಿಸ್ಟರೇ ಹೋಗುತ್ತಿದೆಯೋ ಅದನ್ನೇ ಈ ಪುಣ್ಯಾತಿಗಿತ್ತಿ ಎಕ್ಸ್‌ಪರ್ಟ್ ಎದುರು ಮಾಡುವುದೇ?

ಅವಳು ಒಂದೊಂದು ಮೂಲೆಯ ಕಸವನ್ನು ಬೇರೆ ಬೇರೆ ಗುಡಿಸಿ ಪೇಪರಿನ ಮೇಲೆ ನಾಲ್ಕು ಗುಡ್ಡೆ ಮಾಡಿದಳು. ಕುಕ್ಕರಗಾಲಲ್ಲಿ ಕುಳಿತು ಒಂದೊಂದನ್ನೇ ಬೆರಳಲ್ಲಿ ತಿಕ್ಕಿ ನೋಡಿದಳು.

"ಇಲ್ಲಿ ಬರೇ ಸಿಪ್ಪಿ ಅದರಿ, ಕಾಳಿಲ್ಲ. ಅಂದ್ರ ಜರಡಿ ಹರದಿಲ್ಲ. ಇಲ್ಲಿ ರಬ್ಬರಿನ ಪುಡಿ ಇಲ್ಲರಿ, ಬೆಲ್ಟ್ ಬರೋಬ್ಬರಿ ಅದ. ಬಲಗಡೆ ಕಸದಾಗ ಬರೇ ಮಣ್ಣ ಅದರಿ. ಈ ಎಡಗಡೆ ಕಸಾ ನೋಡ್ರಿ, ಕಬ್ಬಿಣದ ಪುಡಿ ಹೊಳೀಲಿಕತ್ತದ. ಈ ಬಾಜೂದ ಬೇರಿಂಗ್ ಹೋಗ್ಯದರಿ."

ಬಿಚ್ಚಿದರು. ಬೇರಿಂಗಿನ ಗುಂಡುಗಳು ಚೂರುಚೂರಾಗಿ ಅವಳ ಅಂಗೈಗೆ ಉದುರಿದವು.

ಸಾಹೇಬರು ಆ ನಾಲ್ಕು ಗುಡ್ಡೆಗಳ ಫೋಟೋ ತೆಗೆದುಕೊಂಡರು. ಇದು ವೇರ್ ಡೆಬ್ರಿ ಅನಾಲಿಸಿಸ್, ಸವೆದು ಉದುರಿದ ಪುಡಿಯಿಂದ ಮಷೀನಿನ ರೋಗ ಹಿಡಿಯುವ ವಿದ್ಯೆ, ಇದರ ಮೇಲೆ ದೊಡ್ಡ ದೊಡ್ಡ ಪುಸ್ತಕಗಳೇ ಇವೆ ಎಂದರು. ಹಾಗಂತ ಬರೆಯಲು ನಿನಗೇನಾಗಿತ್ತು ಎಂದು ಅಂಬಿಕಾಳನ್ನೇ ಗದರಿದರು. ತಿದ್ದಿ ಬರೆದು ತಂದರೆ ಸಹಿ ಹಾಕುತ್ತೇನೆಂದರು.

ಹೊಸ ಲಾಗ್‌ಬುಕ್ ಬಂತು. ಮೊದಲನೇ ದಿನ: ವೇರ್ ಡೆಬ್ರಿ ಅನಾಲಿಸಿಸ್ ಮಾಡಿದೆ. ಮೂರನೇ ದಿನ: ವೇರ್ ಡೆಬ್ರಿ ಅನಾಲಿಸಿಸ್ ಮಾಡಿದೆ, ಉಸ್ತಾದರು ಬೈದರು, ಮತ್ತೊಮ್ಮೆ ವೇರ್ ಡೆಬ್ರಿ ಅನಾಲಿಸಿಸ್ ಮಾಡಿದೆ. ಅದೇ ಕಮಿಟಿ, ಅದೇ ಕಸ. ಎ ಪ್ಲಸ್ ಕೊಟ್ಟಿತು.

ಅಂಬಿಕಾ ತಮ್ಮನ ಬೆಂಚಿನಿಂದ ಪಾರಾದಳು. ನನಗೆ ಖುಷಿಯಾಯಿತು. ನಾಚಿಕೆಯೂ ಆಯಿತು. ಇದ್ದದ್ದು ಇದ್ದಂತೆ ಬರೆಯಿರಿ ಎಂದ ಮಾಸ್ತರನೇ ಎದುರು ಕುಳಿತು ನಲವತ್ತು ಪುಟ ತಿದ್ದಿಸಿದ್ದ. ಉಸ್ತಾದರಿಗೆ ಫೋನ್ ಮಾಡಿ ಹೊಸ ಹೆಸರು ಹೇಳಿದೆ. "ಹೆಸರ ಏನರೇ ಇಡ್ರಿ ಸಾಬ್, ಕಸಾ ಹೊಡೀಬೇಕಾದ್ರ ನಡಾ ಬಗ್ಗಿಸೇ ಹೊಡೀಬೇಕು" ಎಂದು ಫೋನಿಟ್ಟರು.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಸಾಹೇಬರು ವರದಿಯಲ್ಲಿ ಕಾಲೇಜಿಗೂ ಇಂಥದ್ದೊಂದು ಲ್ಯಾಬ್ ಬೇಕೆಂದು ಬರೆದುಬಿಟ್ಟರು. ಕಾಲೇಜು ಚುರುಕಾಯಿತು. ಮೂರು ಕೊಟೇಶನ್ ತರಿಸಿ 'ಡೆಬ್ರಿ ಕಲೆಕ್ಷನ್ ಟೂಲ್' ಹನ್ನೆರಡು ಖರೀದಿಯಾದವು. ಕಸಬರಿಗೆಗಳೇ. ಹಿಡಿಕೆಗೆ ನಂಬರಿನ ಸ್ಟಿಕ್ಕರ್ ಬೇರೆ. ಉದ್ಘಾಟನೆಗೆ ಖಾಜಾ ಉಸ್ತಾದರನ್ನು ಕರೆಯೋಣ ಎಂದೆ. ವೇದಿಕೆ ಮೇಲೆ ಕೂರಲು ಕನಿಷ್ಠ ಬಿ.ಇ. ಆಗಿರಬೇಕಂತೆ.

ಮೊನ್ನೆ ರಿಬ್ಬನ್ ಕತ್ತರಿಸಿದರು. ಚಪ್ಪಾಳೆಯಾಯಿತು. ಮೊದಲ ಡೆಮೋ ಅಂಬಿಕಾಳದು. ಅವಳು ಒಂದನೇ ನಂಬರಿನ ಕಸಬರಿಗೆ ಹಿಡಿದು ಲ್ಯಾಬಿನ ಒಳಗೆ ಹೋದಳು. ಥಳಥಳ ಹೊಳೆಯುವ ಟೈಲ್ಸು, ಒಂದು ಪ್ರೊಜೆಕ್ಟರು, ಗೋಡೆಗೆ ಉಳಿದ ಹನ್ನೊಂದು ಕಸಬರಿಗೆ. ಸುತ್ತ ನೋಡಿದಳು. ಬಗ್ಗಿ ಟೇಬಲ್ಲಿನ ಕೆಳಗೂ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಸರ್, ಇಲ್ಲಿ ಮಷೀನೇ ಇಲ್ಲಲ್ರಿ. ಕಸಾ ಎಲ್ಲಿಂದ ತರ್ಲಿರಿ?"